ಮಾಸಿನ ಮೇಡಂ

ಜೂನ್ 9, ಸೋಮವಾರ

ಬೆಳಿಗ್ಗೆಯಿಂದ ಎರಡು ಹೆರಿಗೆ. ಎರಡಕ್ಕೂ ಹಾಜರ್. ಎಲ್ಲರೂ ಮಗುವಿನ ಮುಖ ನೋಡುವಾಗ ನಾನು ಟ್ರೇ ಹಿಡಿದು ಅದರ ಹಿಂದೆ ಬರುವ ಮಾಸಿಗೆ ಕಾಯುತ್ತೇನೆ. ವಾರ್ಡಿನ ಆಯಾಗಳು ಇಟ್ಟ ಹೆಸರು — ಮಾಸಿನ ಮೇಡಂ. ಮೊದಲು ಬೆನ್ನ ಹಿಂದೆ ಕರೆಯುತ್ತಿದ್ದರು, ಈಗ ಎದುರಿಗೇ.

ಮೊದಲನೆಯವಳಿಗೆ ಜ್ವರ ಇರಲಿಲ್ಲ. ಬೆರಳಿನ ರಕ್ತದಲ್ಲೂ ಏನೂ ಇಲ್ಲ. ಮಾಸಿನ ಚೂರನ್ನು ಗಾಜಿನ ಮೇಲೆ ಒತ್ತಿ ನೋಡಿದರೆ ಮಲೇರಿಯಾ ಗಿಜಿಗುಡುತ್ತಿದೆ. ತಾಯಿಗೆ ಸುಳಿವೇ ಇಲ್ಲ, ಒಳಗೆ ಕೂಸಿನ ಅನ್ನಕ್ಕೆ ಅಡ್ಡ ಕೂತಿದೆ. ಹುಟ್ಟಿದ ಮಗು ಅಂಗೈಯಗಲ. ನಾಲ್ಕು ವರ್ಷದಿಂದ ಇದನ್ನೇ ಹೇಳುತ್ತಿದ್ದೇನೆ — ಬಸುರಿಗೆ ಜ್ವರ ಬರಲಿ ಎಂದು ಕಾಯಬೇಡಿ, ಮೊದಲೇ ತಡೆಮಾತ್ರೆ ಕೊಡಿ. ಸಾಬೀತು ಮಾಡಲು ಇನ್ನೊಂದು ಮಳೆಗಾಲ ಸಾಕು.

ಮಧ್ಯಾಹ್ನ ಹೊಲಿಗೆಯವಳು ತಪಾಸಣೆಗೆ ಬಂದಿದ್ದಳು. ಬಸ್ ಸ್ಟ್ಯಾಂಡಿನ ಹಿಂದೆ ಮಿಷನ್ ಇಟ್ಟುಕೊಂಡಿದ್ದಾಳೆ. ಆರು ತಿಂಗಳು, ನಮ್ಮ ಸ್ಟಡಿಗೆ ಸೇರಿದವಳು. ಬೆರಳು ಚುಚ್ಚಿದರೆ ನಗು.

"ದಿನಾ ಸೂಜಿ ಚುಚ್ಚಿಸ್ಕೊಳ್ಳೋ ಬೆರಳು ಮೇಡಂ. ನಿಮ್ದು ಲೆಕ್ಕಕ್ಕೇ ಇಲ್ಲ."

"ಬಾಯಿಗೂ ಒಂದು ಹೊಲಿಗೆ ಹಾಕ್ಕೊಳ್ಳೇ" ಎಂದಳು ಅವಳ ತಾಯಿ ಪಕ್ಕದಿಂದ. ಮಗಳು ಎಲ್ಲಿ ಹೋದರೂ ಜೊತೆಗೆ ಬರುವಾಕೆ. ಅಳಿಯ ಕೆಲಸ ಹುಡುಕಿ ಹೋದವನು ಫೋನನ್ನೂ ಎತ್ತುತ್ತಿಲ್ಲವಂತೆ.

ಮನೆಗೆ ಬಂದರೆ ನಾದಿನಿ — ಇವರ ತಂಗಿ — ಕಾಲು ಚಾಚಿ ಕೂತಿದ್ದಳು. ಐದನೇ ತಿಂಗಳು. ಹಿಂದೆ ಎರಡು ಸಲ ನಿಲ್ಲಲಿಲ್ಲ, ಅದಕ್ಕೇ ಈ ಸಲ ನಮ್ಮ ಹತ್ತಿರ ಇಟ್ಟುಕೊಂಡಿದ್ದೇವೆ. ತಡೆಮಾತ್ರೆ ನಾನೇ ಕೊಡುತ್ತಿದ್ದೇನೆ, ಆದರೆ ಅವಳಿಗೆ ಮಾತ್ರೆ ಎಂದರೆ ಹೆದರಿಕೆ. ಹೋದ ಸಲ ಯಾವುದೋ ಮಾತ್ರೆ ನುಂಗಿದ ಮೇಲೇ ಎಲ್ಲ ಹೋಯಿತು ಎಂದು ತಲೆಯಲ್ಲಿ ಕೂತಿದೆ.

"ನುಂಗಿದ್ಯಾ?"

"ನುಂಗ್ದೆ ಅತ್ತಿಗೆ. ಬಾಯಿ ತೆಗೆದು ತೋರಿಸ್ಲಾ?"

ಜೂನ್ 24

ಪ್ರಾಜೆಕ್ಟ್ ನಿಂತಿತು. ಹಣ ಕೊಡುವವರು ಕೈ ಎತ್ತಿದ್ದಾರೆ. ಕಾರಣ — "ಆದ್ಯತೆ ಬದಲಾಗಿದೆ." ಆದ್ಯತೆ! ಸೊಳ್ಳೆಗೂ ಒಂದು ಇಮೇಲ್ ಕಳಿಸಿದ್ದಾರೋ ಇಲ್ಲವೋ.

ದೊಡ್ಡವರು — ನಮ್ಮ ಡೈರೆಕ್ಟರ್ — ತಾವೇ ಬಂದು ಮೇಲಿನ ಮಹಡಿಯ ಸ್ಟೋರಿಗೆ ಬೀಗ ಹಾಕಿಸಿ, ಬೀಗದ ಮೇಲೆ ಸಹಿ ಮಾಡಿದ ಚೀಟಿ ಅಂಟಿಸಿದರು. ಕೀಲಿ ನನ್ನ ಹತ್ತಿರ. "ಆಡಿಟ್ ಆಗೋವರೆಗೆ ಒಂದು ಮಾತ್ರೆ ಆಚೆ ಹೋಗಬಾರದು. ಸ್ಟಾಕ್‌ನಲ್ಲಿ ವ್ಯತ್ಯಾಸ ಬಂದ್ರೆ ಮನೆಮನೆಗೆ ಹೋಗೋ ಫೀಲ್ಡ್ ಹುಡುಗೀರ ಸಂಬಳ ಅಲ್ಲೇ ನಿಲ್ಲುತ್ತೆ. ನಿಮ್ಮ ನಾಲ್ಕು ವರ್ಷದ ಡೇಟಾನೂ ಯಾರೂ ಮೂಸಲ್ಲ."

"ಒಳಗೆ ಆರ್ಟಿಸುನೇಟ್ ಇಂಜೆಕ್ಷನ್ ಇದೆ ಸರ್. ಮಲೇರಿಯಾ ತಲೆಗೇರಿದ್ರೆ ಜೀವ ಉಳಿಸೋದು ಅದೇ. ನಮ್ಮ ಹೆಂಗಸರಿಗೆ ಅಂತಲೇ ತರಿಸಿದ್ದು."

"ಪ್ರಾಜೆಕ್ಟೇ ಇಲ್ಲದ ಮೇಲೆ ನಮ್ಮ ಹೆಂಗಸರು ಅಂದ್ರೆ ಯಾರು?"

ಜುಲೈ 7

ಮಳೆ ಹಿಡಿದಿದೆ. ಜ್ವರದ ಸಾಲು ಕಾಂಪೌಂಡಿನಾಚೆ ಹೋಗುತ್ತಿದೆ. ನಮ್ಮ ಬಸುರಿಯರು ಅಭ್ಯಾಸಬಲದಿಂದ ನನ್ನ ಬಾಗಿಲಿಗೇ ಬರುತ್ತಾರೆ. ಜನರಲ್ ಸಾಲಿಗೆ ಹೋಗಿ ಎನ್ನುತ್ತೇನೆ. ಹೋಗುತ್ತಾರೆ, ಎದುರು ಮಾತಾಡುವುದಿಲ್ಲ. ಜಗಳ ಮಾಡಿದ್ದರೆ ಚೆನ್ನಾಗಿತ್ತು.

ಆಸ್ಪತ್ರೆಯ ಸ್ವಂತ ಇಂಜೆಕ್ಷನ್ ಮುಗಿದಿದೆ. ಹಳೆಯ ಕ್ವಿನೈನ್ ಇದೆ, ಬಸುರಿಯರ ರಕ್ತದ ಸಕ್ಕರೆ ಇಳಿಸಿಬಿಡುತ್ತದೆ. ಸ್ಟೋರ್ ತೆರೆಯಲು ಅನುಮತಿ ಕೇಳಿ ಮತ್ತೆ ಬರೆದೆ. ಉತ್ತರ: ಪರಿಶೀಲನೆಯಲ್ಲಿದೆ.

ಜುಲೈ 14, ಮಧ್ಯಾಹ್ನ

ಕಾರಿಡಾರಿನ ಬೆಂಚಿನಲ್ಲಿ ಕೂತು ಬರೆಯುತ್ತಿದ್ದೇನೆ. ಕೈಗೆ ಕೆಲಸ ಬೇಕು.

ಹೊಲಿಗೆಯವಳನ್ನು ಆಟೋದಲ್ಲಿ ತಂದರು. ಫಿಟ್ಸ್. ಕಣ್ಣು ಮೇಲೆ. ಮೂರು ದಿನದ ಜ್ವರವಂತೆ, ನೆಗಡಿ ಎಂದು ಮಿಷನ್ ತುಳಿಯುತ್ತಲೇ ಇದ್ದಳಂತೆ. ತಾಯಿ ನನ್ನನ್ನು ಕಂಡದ್ದೇ ನಿಟ್ಟುಸಿರು ಬಿಟ್ಟಳು. "ಸದ್ಯ, ನೀವಿದ್ದೀರಲ್ಲ."

ವಾರ್ಡ್ ಸಿಸ್ಟರ್ ನನ್ನನ್ನು ಪಕ್ಕಕ್ಕೆ ಎಳೆದರು. "ಕ್ವಿನೈನ್ ಹಾಕ್ತಿದೀವಿ. ಆದ್ರೆ ಮೇಡಂ, ಅಂಗೈಯಲ್ಲಿ ಬೆಣ್ಣೆ ಇಟ್ಕೊಂಡು ತುಪ್ಪಕ್ಕೆ ಅಲೀತಿದೀವಿ. ಮೇಲೆ ಇದೆಯಲ್ಲ."

"ಸೀಲ್ ಆಗಿದೆ ಸಿಸ್ಟರ್."

"ಕಾಗದ ತಾನೇ?"

ದೊಡ್ಡವರಿಗೆ ಫೋನ್ ಮಾಡಿದೆ. ಮೀಟಿಂಗ್‌ನಲ್ಲಿದ್ದೇನೆ, ನಾನೇ ಮಾಡುತ್ತೇನೆ, ಅಲ್ಲಿವರೆಗೆ ಏನೂ ಮುಟ್ಟಬೇಡಿ ಎಂದರು. ಕಾಯುತ್ತಿದ್ದೇನೆ. ಒಂದು ಸಲ ಮೇಲೆ ಹೋಗಿ ಬಾಗಿಲ ಮುಂದೆ ನಿಂತು ಬಂದೆ. ಫೀಲ್ಡ್ ಹುಡುಗಿಯರ ಮುಖ ಕಣ್ಣ ಮುಂದೆ. ಡೇಟಾ. ಈಗ ಫೋನ್ ಬರುತ್ತದೆ. ಈಗ ಬರುತ್ತದೆ.

ಅದೇ ದಿನ, ಸಂಜೆ

ಫೋನ್ ಬರಲಿಲ್ಲ. ನಾನು ಮಾಡಿದರೆ ಸ್ವಿಚ್ ಆಫ್. ಹೆರಿಗೆ ತಾನಾಗಿ ಶುರುವಾಗಿದೆ.

ಜುಲೈ 15

ಗಂಡು. ಉಸಿರಾಡುತ್ತಿದೆ.

ಅದರ ತಾಯಿ ಇಲ್ಲ. ಬೆಳಿಗ್ಗೆ ಸಕ್ಕರೆ ಇಳಿಯಿತು, ಏರಿಸಿದರು, ಮತ್ತೆ ಇಳಿಯಿತು. ಆ ಇಂಜೆಕ್ಷನ್ ಕೊಟ್ಟಿದ್ದರೂ ಹೋಗುತ್ತಿದ್ದಳೇನೋ. ಓದಿದವಳು ನಾನು, ಎಷ್ಟು ಜನ ಉಳಿಯುತ್ತಾರೆ, ಎಷ್ಟು ಜನ ಉಳಿಯುವುದಿಲ್ಲ ಎಂದು ಬಾಯಿಪಾಠ ಇದೆ. ಅವಳು ಯಾವ ಗುಂಪಿನವಳು ಎಂದು ಯಾವ ಪುಸ್ತಕದಲ್ಲೂ ಇಲ್ಲ.

ಅವಳ ಮಾಸನ್ನು ಸಿಸ್ಟರ್ ಟ್ರೇಯಲ್ಲಿ ಎತ್ತಿಟ್ಟಿದ್ದರು. ಅಭ್ಯಾಸ. ಬೇಡ ಎಂದೆ.

ಹೊಲಿಗೆಯವಳ ತಾಯಿ ನನ್ನ ಎರಡೂ ಕೈ ಹಿಡಿದುಕೊಂಡಳು. "ನಿಮ್ಮ ಕೈಲಾದ್ದೆಲ್ಲ ಮಾಡಿದ್ರಿ ತಾಯಿ. ಅವಳ ಋಣ ಅಷ್ಟೇ ಇತ್ತು."

ಹೂಂ ಎಂದೆ. ಹೂಂ ಎಂದೆ ನಾನು.

ಜುಲೈ 29, ಸಂಜೆ

ನಾದಿನಿಗೆ ನಿನ್ನೆಯಿಂದ ಜ್ವರವಂತೆ. ಅಣ್ಣನಿಗೂ ಹೇಳಿಲ್ಲ, ನನಗೂ ಹೇಳಿಲ್ಲ. ಬೆಳಿಗ್ಗೆ ಬಚ್ಚಲಲ್ಲಿ ಕುಸಿದಳು. ಇವರು ಎತ್ತಿಕೊಂಡು ಬಂದು ಮಂಚದ ಮೇಲೆ ಹಾಕಿದಾಗ ಅರ್ಧ ಎಚ್ಚರದಲ್ಲಿ ನನ್ನ ಸೆರಗು ಹಿಡಿದು ಹೇಳಿದಳು — "ಅತ್ತಿಗೆ, ಒಂದೂ ನುಂಗಿಲ್ಲ. ಬೈಬೇಡಿ." ದೀಪದ ಬುಡದಲ್ಲಿ ಕತ್ತಲೆ. ಊರ ಬಸುರಿಯರಿಗೆಲ್ಲ ಮಾತ್ರೆ ನುಂಗಿಸಿದವಳು ನಾನು.

ಆಸ್ಪತ್ರೆಗೆ ಬರುವಷ್ಟರಲ್ಲಿ ಮಾತು ತೊದಲುತ್ತಿತ್ತು. ಟೆಸ್ಟ್ ಪಾಸಿಟಿವ್. ಸಿಸ್ಟರ್ ಕ್ವಿನೈನ್ ಬಾಟಲಿ ಕೈಯಲ್ಲಿ ಹಿಡಿದು ನನ್ನ ಮುಖ ನೋಡಿದರು.

ಫೋನ್ ಕೈಚೀಲದಲ್ಲೇ ಇತ್ತು, ತೆಗೆಯಲಿಲ್ಲ. ಅನುಮತಿ ಎಂಬ ಪದವೇ ನೆನಪಾಗಲಿಲ್ಲ. ಮೆಟ್ಟಿಲು ಹತ್ತಿದ್ದೂ ನೆನಪಿಲ್ಲ. ಚೀಟಿ ಹರಿದ ಸದ್ದು ಮಾತ್ರ ನೆನಪಿದೆ, ಎಷ್ಟು ಸಣ್ಣ ಸದ್ದು.

ಪೆಟ್ಟಿಗೆ ಎದೆಗವಚಿಕೊಂಡು ಇಳಿದಾಗ ಮೆಟ್ಟಿಲ ಕೆಳಗೆ ಹೊಲಿಗೆಯವಳ ತಾಯಿ. ಮೊಮ್ಮಗನನ್ನು ಎದೆಗೆ ಕಟ್ಟಿಕೊಂಡು ಅಡ್ಡಾಡುತ್ತಿದ್ದಳು. ಕಾವು ಬೇಕು ಎಂದು ಶಿಶು ವಾರ್ಡಿನವರು ಹಾಗೆ ಕಟ್ಟಿಕೊಟ್ಟಿದ್ದಾರೆ.

"ಹೊಸ ಔಷಧಿ ಬಂತಾ ಮೇಡಂ?"

ವಾರ್ಡಿಗೆ ಓಡಿದೆ.

ಜುಲೈ 31

ನಾದಿನಿ ಕಣ್ಣು ಬಿಟ್ಟಳು. ನೀರು ಕೇಳಿದಳು, ಆಮೇಲೆ ಅಣ್ಣನನ್ನು ಬೈದಳು — ಗಡ್ಡ ಬೋಳಿಸದೆ ಆಸ್ಪತ್ರೆಗೆ ಬಂದಿದ್ದಕ್ಕೆ. ಹೊಟ್ಟೆಯ ಮೇಲೆ ಕೊಳವೆ ಇಟ್ಟು ಕೇಳಿದೆ. ಬಡಿತ ಇದೆ, ಕುದುರೆ ಓಡಿದ ಹಾಗೆ. ಇವರು ಗೋಡೆಗೆ ಮುಖ ಮಾಡಿ ಅತ್ತರು. "ನೀನಿಲ್ಲದಿದ್ರೆ ಏನು ಗತಿ?" ಎಂದರು.

ನಾನಿದ್ದೆ. ಅವತ್ತೂ ನಾನೇ ಇದ್ದೆ. ಖುಷಿಯೂ ಕಹಿಯಾಗುತ್ತಿದೆ.

ಆಗಸ್ಟ್ 1

ದೊಡ್ಡವರ ಚೇಂಬರ್. ಕೆಲಸ ಹೋಗುತ್ತದೆ ಎಂದೇ ಹೊರಟಿದ್ದೆ. ರಾಜೀನಾಮೆಯ ಮಾತನ್ನು ದಾರಿಯುದ್ದಕ್ಕೂ ಜೋಡಿಸಿಕೊಂಡಿದ್ದೆ. ಎಲ್ಲ ಹೇಳಿದೆ — ಸೀಲ್ ಹರಿದೆ, ಇಂಜೆಕ್ಷನ್ ಕೊಟ್ಟೆ, ನಮ್ಮ ಮನೆಯವಳಿಗೆ.

ಕನ್ನಡಕ ಒರೆಸುತ್ತ ಕೇಳಿದರು. ಒಂದಿಷ್ಟು ಕೂಗಾಡಿದರು. ಆಮೇಲೆ ಟೀ ತರಿಸಿದರು.

"ಆಗಿದ್ದಾಯ್ತು ಬಿಡಿ. ಒಂದು ನೋಟ್ ಹಾಕಿ, ನಾನು ಸಹಿ ಮಾಡ್ತೀನಿ. ಉಳಿದಿದ್ದನ್ನೂ ವಾರ್ಡಿಗೆ ಇಳಿಸಿಬಿಡಿ, ಹೇಗೂ ಸೀಲ್ ಒಡೆದಿದೆ."

"ಅಷ್ಟೇನಾ ಸರ್?"

"ಇನ್ನೇನು ಗಲ್ಲಿಗೇರಿಸ್ತಾರಾ? ಜೀವದ ಪ್ರಶ್ನೆ ಅಂದ್ರೆ ಯಾರು ಏನು ಮಾಡೋಕಾಗುತ್ತೆ?"

"ಹದಿನಾಲ್ಕನೇ ತಾರೀಖು ಫೋನ್ ಮಾಡಿದ್ದೆ ಸರ್."

ಚಮಚ ತಿರುಗಿಸುತ್ತಿದ್ದವರು ನಿಲ್ಲಿಸಿದರು. "ಮೀಟಿಂಗು..." ಎಂದರು. ನನ್ನ ಕಡೆ ನೋಡಲಿಲ್ಲ. "ನೀವು ಒಡೆದು ಆಮೇಲೆ ಹೇಳ್ಬಹುದಿತ್ತು. ಈಗ ಹೇಳ್ಲಿಲ್ವಾ, ಹಾಗೇ."

ಟೀ ಮುಟ್ಟದೆ ಎದ್ದು ಬಂದೆ. ಅವರನ್ನು ಬೈಯಬೇಕು ಎಂದರೆ ಬೈಗುಳ ನನ್ನ ಕಡೆಗೇ ತಿರುಗುತ್ತದೆ. ಹೆದರಿದ್ದು ಯಾವುದಕ್ಕೆ? ಒಂದು ಕೂಗಾಟಕ್ಕೆ, ಒಂದು ಕಪ್ ಟೀಗೆ.

ಪೆಟ್ಟಿಗೆಗಳನ್ನು ಸಂಜೆಯೇ ಇಳಿಸಿದೆವು. ಇಬ್ಬರು ಬಸುರಿಯರಿಗೆ ಆಗಲೇ ಹಾಕಿದ್ದಾರೆ. ಸಿಸ್ಟರ್ ನನ್ನ ಬೆನ್ನು ತಟ್ಟಿದರು. ಖಾಲಿ ಪೆಟ್ಟಿಗೆ ಎತ್ತುವ ನೆಪದಲ್ಲಿ ಸರಿದುಕೊಂಡೆ.

ಆಗಸ್ಟ್ 4, ಬೆಳಿಗ್ಗೆ

ನಾದಿನಿಯನ್ನು ಇವತ್ತು ಮನೆಗೆ ಬಿಡುತ್ತಾರೆ. ಇವರು ಆಟೋ ತರಲು ಹೋದರು. ಹೊಲಿಗೆಯವಳ ತಾಯಿ ಕಾರಿಡಾರಿನ ಬೆಂಚಿನಲ್ಲಿ, ಮಗು ಎದೆಯ ಮೇಲೆ. ಪಕ್ಕದಲ್ಲಿ ಕೂತೆ. ಮಗು ತೂಕ ಹಿಡಿಯುತ್ತಿದೆ ಎಂದಳು. ಬಾಯಿ ಮಾತ್ರ ಮಗಳದ್ದೇ, ಸುಮ್ಮನಿರುವುದಿಲ್ಲ ಎಂದಳು.

ಇನ್ನು ಆಗಲಿಲ್ಲ ನನಗೆ. "ಅಮ್ಮ, ಅದು ಹೊಸ ಔಷಧಿ ಅಲ್ಲ" ಎಂದೆ.

ಮಗುವಿನ ಟೋಪಿ ಸರಿಮಾಡಿದಳು.

"ನನ್ನ ಮಗಳು ಬಂದಾಗ್ಲೂ ಇತ್ತಾ?"

"ಇತ್ತು."

"ನಿಮಗೆ ಗೊತ್ತಿತ್ತಾ?"

"ಕೀಲಿ ನನ್ನ ಹತ್ರಾನೇ ಇತ್ತು. ತೆಗೀಬೇಡಿ ಅಂದಿದ್ರು. ತೆಗೀಲಿಲ್ಲ. ನನ್ನ ನಾದಿನಿ ಬಂದಾಗ ತೆಗೆದೆ."

ಅಳಲಿಲ್ಲ. ಬೈಯಲಿಲ್ಲ. ಶಾಪ ಹಾಕಿದ್ದರೆ ಹೊತ್ತುಕೊಂಡು ಹೋಗುತ್ತಿದ್ದೆ.

"ಎಷ್ಟು ದೂರ ಇತ್ತು?"

"ಮೇಲಿನ ಮಹಡಿ. ಮೆಟ್ಟಿಲು ಹತ್ತಿದ್ರೆ ಎದುರಿನ ಬಾಗಿಲು."

ಮೆಟ್ಟಿಲ ಕಡೆ ನೋಡಿದಳು. ಎದೆಗೆ ಕಟ್ಟಿದ್ದ ಬಟ್ಟೆ ಬಿಚ್ಚಿ ಮಗುವನ್ನು ಎತ್ತಿ ನನ್ನ ಎದೆಗೆ ಆನಿಸಿದಳು. "ಹಿಡ್ಕೊಳ್ಳಿ. ನೋಡ್ಕೊಂಡು ಬರ್ತೀನಿ." ಮಂಡಿ ಹಿಡಿದುಕೊಂಡು, ಒಂದೊಂದೇ ಮೆಟ್ಟಿಲು, ಹತ್ತಿ ಹೋದಳು. ಜೊತೆಗೆ ಬರಲಾ ಎಂದರೆ ಬೇಡ ಎಂದು ಕೈ ಅಡ್ಡ ಮಾಡಿದಳು.

ಹೋಗಿ ಬಹಳ ಹೊತ್ತಾಯಿತು. ಆಟೋ ಹಾರ್ನ್ ಮಾಡುತ್ತಿದೆ. ಇವರು ಎರಡು ಸಲ ಬಂದು ನೋಡಿ ಹೋದರು. ಏಳುವಂತಿಲ್ಲ, ಮಗು ನನ್ನ ಎದೆಯ ಮೇಲೆ ನಿದ್ದೆ ಹೋಗಿದೆ. ಒಂದೇ ಕೈಯಲ್ಲಿ ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟ. ಬೆಚ್ಚಗಿದೆ. ಏನೂ ತೂಕವಿಲ್ಲ ಇದಕ್ಕೆ, ಆದರೂ ಉಸಿರೆಳೆಯಲು ಆಗುತ್ತಿಲ್ಲ.

ಮೆಟ್ಟಿಲ ಮೇಲೆ ಚಪ್ಪಲಿ ಸದ್ದು. ಇಳಿಯುತ್ತಿದ್ದಾಳೆ. ಏನು ಹೇಳಿದರೂ ನಾನು —