ಬಾವುಟ ಇಳಿಯುವಾಗ ಎತ್ತಿದ ಕೈ

ಅಕ್ಕನಿಗೆ,

ಜ್ವರ ಬಿಟ್ಟು ವಾರವಾಯಿತು, ಅಮ್ಮನಿಗೆ ಮೊದಲು ಅದನ್ನು ಹೇಳಿಬಿಡು. ನಮ್ಮ ಸೈನಿಕ ಅಕಾಡೆಮಿಯ ಫುಟ್‌ಬಾಲ್ ತಂಡ ಈ ಸಲ ಒಂಬತ್ತು ಪಂದ್ಯದಲ್ಲಿ ಒಂದನ್ನೂ ಸೋಲದೆ ಕಪ್ ತಂದಿತು. ಗೋಲು ಕಾಯುವವನು ನಾನೇ.

ಇಲ್ಲಿ ಸಂಜೆ ಆರಕ್ಕೆ ಬಾವುಟ ಇಳಿಸುತ್ತಾರೆ. ಬ್ಯೂಗಲ್ ಊದಿ ಮುಗಿಯುವವರೆಗೆ, ಬಾಯಲ್ಲಿ ತುತ್ತಿದ್ದರೂ ಸರಿ, ಎಲ್ಲರೂ ಕಂಬದ ಹಾಗೆ ನಿಲ್ಲಬೇಕು. ಕೊನೆಯ ಪಂದ್ಯ ತಡವಾಗಿ ಶುರುವಾಗಿತ್ತು. ನಾವು ಒಂದು ಗೋಲು ಮುಂದಿದ್ದೆವು, ಇನ್ನೆರಡು ನಿಮಿಷ ಬಾಕಿಯಿತ್ತು, ಅಷ್ಟರಲ್ಲಿ ಬ್ಯೂಗಲ್ ಕೇಳಿಸಿತು. ನಮ್ಮ ಹತ್ತೂ ಜನ ಇದ್ದಲ್ಲೇ ಅಟೆನ್ಷನ್. ಎದುರಾಳಿಗಳು ಮಿಲ್ಲಿನ ಕೆಲಸಗಾರರು, ಅವರಿಗೆ ಈ ನಿಯಮ ಗೊತ್ತಿಲ್ಲ. ರೆಫರಿಯೂ ಹೊರಗಿನವನೇ. ಚೆಂಡು ಕಾಲಲ್ಲಿದ್ದವನು ತಬ್ಬಿಬ್ಬಾಗಿ ನಿಂತ.

“ಏನ್ ನೋಡ್ತಾ ನಿಂತೆ, ಹೊಡಿಯೋ,” ಎಂದ ಅವನ ಜೊತೆಗಾರ.

ಹೊಡೆದ. ನನ್ನ ಕೈ ನನ್ನನ್ನು ಕೇಳದೆಯೇ ಮೇಲೆದ್ದು ಚೆಂಡು ಹಿಡಿಯಿತು.

ಗೆದ್ದ ಮೇಲೆ ಡ್ರಿಲ್ ಮೇಷ್ಟ್ರು ಬೆನ್ನು ತಟ್ಟಿದರು. ತಟ್ಟಿ, “ಬ್ಯೂಗಲ್ ಊದುವಾಗ ಕೈ ಎತ್ತೋದು ನಿಂಗಿಷ್ಟ ಅಲ್ವಾ, ಹತ್ತು ದಿನ ಎತ್ಕೊಂಡೇ ಓಡು,” ಎಂದರು. ದಿನಾ ಸಂಜೆ ಬಂದೂಕು ತಲೆಯ ಮೇಲೆ ಹಿಡಿದು ಮೈದಾನ ಸುತ್ತುತ್ತಿದ್ದೇನೆ. ಭುಜ ಹಿಡಿದುಕೊಂಡಿದೆ, ಬೇರೇನಿಲ್ಲ.

ನಿನ್ನೆ ಅದೇ ಹೊತ್ತಿಗೆ ಕಪ್ ಜೊತೆ ತಂಡದ ಫೋಟೋ ತೆಗೆದರು, ಕಳಿಸುತ್ತೇನೆ. ಸಾಲಿನಲ್ಲಿ ನನ್ನನ್ನು ಹುಡುಕಬೇಡ. ಹಿಂದೆ ದೂರದಲ್ಲಿ ಕೈ ಮೇಲೆತ್ತಿ ಓಡುತ್ತಿರುವವನು ನಾನು. ಬಂದೂಕು ಅಷ್ಟಾಗಿ ಕಾಣುವುದಿಲ್ಲ. ಗೆದ್ದ ಖುಷಿಗೆ ಕುಣಿಯುತ್ತಿದ್ದಾನೆ ಅಂತ ಅಮ್ಮನಿಗೆ ಹೇಳು.

ನಿನ್ನ ತಮ್ಮ