ಸುಗುಣಕ್ಕನ ಚಪ್ಪರದ ಬಣ್ಣ

ಅಕ್ಟೋಬರ್ ೧೪, ಮಂಗಳವಾರ

ಆ ಕಪ್ಪು ಕಲೆ ಇನ್ನೂ ಕಣ್ಣಲ್ಲೇ ಇದೆ. ಕೋಡಿ ಊರಿನ ಕಡಲತೀರಕ್ಕೆ ಅನ್ವಯಿಸುವ ಕಾನೂನುಗಳನ್ನೆಲ್ಲ, ಒಂದೊಂದಕ್ಕೂ ಬೇರೆ ಬಣ್ಣ ಕೊಟ್ಟು, ಒಂದೇ ನಕ್ಷೆಯಲ್ಲಿ ಕೂರಿಸಿದ್ದೆ. ಇವತ್ತು ಊರವರ ಸಭೆಯಲ್ಲಿ ಅದನ್ನು ಪರದೆ ಮೇಲೆ ತೋರಿಸಿದೆ. ತೀರದಲ್ಲಿ ಚಪ್ಪರ ಹಾಕಿ ಮೀನು ಒಣಗಿಸುವ ಸುಗುಣಕ್ಕ ಎದ್ದು ನಿಂತರು.

"ಹ್ವಾಯ್, ನಮ್ ಚಪ್ಪರದ್ ಜಾಗ ಎಂತಕ್ಕೆ ಕಪ್ಪ್ ಮಾಡಿದ್ರಿ?"

ಎಲ್ಲ ಕಾನೂನಿನ ಬಣ್ಣವೂ ಅಲ್ಲೇ ಒಂದರ ಮೇಲೊಂದು ಬಿದ್ದು ಕಪ್ಪಾಗಿದೆ ಎಂದೆ.

"ಹಂಗಾರೆ ತೆಗ್ದ್ ಕಾಣಿ."

ಒಂದೊಂದೇ ತೆಗೆದೆ. ಅಡಿಯ ಸರ್ವೆ ನಕ್ಷೆಯಲ್ಲಿ ಚಪ್ಪರವೇ ಇಲ್ಲ, 'ಖಾಲಿ ಮರಳು' ಎಂದಿತ್ತು. ಸರ್ವೆಯವರು ಬಂದದ್ದು ಮಳೆಗಾಲದಲ್ಲಿ. ಆಗ ಇವರು ಚಪ್ಪರ ಬಿಚ್ಚಿಡುತ್ತಾರೆ, ಅದನ್ನು ಯಾರು ಕೇಳಿದ್ದಾರೆ? ಖಾಲಿ ಅಂತ ಬರೆದ ಮೇಲೆ ಸರ್ಕಾರ ಆ ಜಾಗವನ್ನು ಯಾರಿಗೆ ಬೇಕಾದರೂ ಕೊಡಬಹುದು.

ಸುಗುಣಕ್ಕ ಪರದೆಯ ಹತ್ತಿರ ಬಂದು ಆ ಖಾಲಿ ಜಾಗದ ಮೇಲೆ ಬೆರಳಿಟ್ಟರು. ಆಮೇಲೆ ಮೆಲ್ಲಗೆ ಹೇಳಿದರು: "ಆ ಕಪ್ಪೇ ಇರ್ಲಿ ಮಾರಾಯ್ರೆ. ಅಲ್ಲಿ ಎಂತದೋ ಇತ್ತ್ ಅಂತಾದ್ರೂ ಕಾಣತ್ತ್."