ಅಪ್ಪನ ಹೆಣದ ಮುಂದೆ ನಕ್ಕವಳು

ನಂದಿದುರ್ಗ ಲೈನ್ ಮನೆ, ಕೆ.ಜಿ.ಎಫ್.
೧೮-೨-೨೦೨೫, ಮಂಗಳವಾರ

ತಮ್ಮ ಮುನಿರಾಜನಿಗೆ,

‘ಪ್ರೀತಿಯ’ ಎಂದು ಬರೆದು ಹೊಡೆದುಹಾಕಿದ್ದೇನೆ, ಮೇಲೆ ಕಾಣುವ ಗೀಟು ಅದೇ. ನೀನೂ ನಿನ್ನ ಹೆಂಡತಿ ಹರಿಪ್ರಿಯಾಳೂ ಆರೋಗ್ಯವಾಗಿದ್ದೀರಿ ಎಂದುಕೊಂಡಿದ್ದೇನೆ. ನಿನಗೆ ನಿದ್ದೆಯೂ ಚೆನ್ನಾಗಿ ಬರುತ್ತಿರಬೇಕು. ಚಿಂತೆ ಇಲ್ಲದವನಿಗೆ ಸಂತೆಯಲ್ಲೂ ನಿದ್ದೆಯಂತೆ, ಇನ್ನು ದಾವಣಗೆರೆಯ ಫ್ಯಾನಿನ ಕೆಳಗೆ ಬಾರದೆ ಇರುತ್ತದೆಯೇ. ಫೋನಿನಲ್ಲಿ ನನ್ನ ನಂಬರ್ ಬ್ಲಾಕ್ ಮಾಡಿದ್ದೀಯ. ಪೋಸ್ಟ್‌ಮ್ಯಾನ್‌ನನ್ನು ಬ್ಲಾಕ್ ಮಾಡಲು ಬರುವುದಿಲ್ಲವಲ್ಲ, ಅದಕ್ಕೇ ಈ ಕಾಗದ. ಅಮ್ಮ ಎರಡು ಹೊತ್ತು ಊಟ ಮಾಡುತ್ತಿದ್ದಾಳೆ. ಇಲ್ಲಿಗೆ ಕ್ಷೇಮಸಮಾಚಾರ ಮುಗಿಯಿತು.

ಬೂದಿಕೋಟೆಯ ಸೀನಪ್ಪ ಮಾವ ಹೋದ ವಾರ ಬಂದು ನೀನು ಹೇಳಿಕಳಿಸಿದ್ದನ್ನು ಒಪ್ಪಿಸಿ ಹೋದರು. ಅಕ್ಕನಿಗೆ ತಲೆ ಕೆಟ್ಟಿದೆ, ಅಪ್ಪನ ಹೆಣದ ಮುಂದೆ ನಕ್ಕವಳ ಕೈಯಲ್ಲಿ ಅಮ್ಮನನ್ನು ಬಿಡಬಾರದು, ಮುಂದಿನ ತಿಂಗಳ ಮೊದಲ ಭಾನುವಾರ ಬಂದು ಅವಳನ್ನು ಮಾವನ ಮನೆಗೆ ಸಾಗಿಸುತ್ತೀಯಂತೆ. ಸಾಗಿಸುವುದಕ್ಕೆ ಅಮ್ಮನೇನು ಬೀರುವೇ? ಒಳಗೆ ಕೂತು ಅವಳು ಎಲ್ಲವನ್ನೂ ಕೇಳಿಸಿಕೊಂಡಳು. ಮಾವ ಹೋದ ಮೇಲೆ ನನ್ನ ಕೈ ಹಿಡಿದು, “ನಾ ಎಲ್ಲಿಗೂ ಓಗಲ್ಲ ಕಣಮ್ಮ, ನಿಮ್ಮಪ್ಪ ಸಿಫ್ಟ್ ಮುಗಿಸ್ಕೊಂಡು ಬಂದ್ರೆ ಬಾಗ್ಲು ಯಾರು ತೆಗೀತಾರೆ” ಅಂದಳು. ಗಣಿ ಮುಚ್ಚಿ ಇಪ್ಪತ್ತು ವರ್ಷದ ಮೇಲಾಯಿತು, ಅಪ್ಪ ಹೋಗಿ ಎರಡು ತಿಂಗಳು. ಅವಳ ಲೆಕ್ಕದಲ್ಲಿ ಎರಡೂ ಆಗಿಲ್ಲ.

ನಾನು ನಕ್ಕದ್ದು ನಿಜ. ಇಲ್ಲವೆನ್ನುವುದಿಲ್ಲ. ಆದರೆ ಅದಕ್ಕೆ ಮುಂಚಿನದು ನಿನಗೆ ಗೊತ್ತಿಲ್ಲ, ಯಾಕೆಂದರೆ ನೀನು ಇರಲಿಲ್ಲ. ಗಣಿಯ ದೂಳು ಕೂತ ಅಪ್ಪನ ಎದೆ ಕೊನೆಕೊನೆಗೆ ಮಲಗಲು ಬಿಡುತ್ತಿರಲಿಲ್ಲ. ಮಲಗಿಸಿದರೆ ಉಸಿರು ಕಟ್ಟುತ್ತಿತ್ತು. ಹತ್ತೊಂಬತ್ತು ರಾತ್ರಿ ನಾನು ಗೋಡೆಗೆ ಒರಗಿ, ಅಪ್ಪನನ್ನು ನನ್ನ ಎದೆಗೆ ಒರಗಿಸಿಕೊಂಡು ಕೂತಿದ್ದೆ. ನಿನಗೆ ನಾಲ್ಕು ಸಲ ಫೋನ್ ಮಾಡಿದೆ. “ಲೀವಿಲ್ಲ ಅಕ್ಕ, ಏನಾದ್ರೂ ಆದ್ರೆ ಫೋನ್ ಮಾಡು” ಅಂದೆ ನೀನು. ಆಗಿಯೇ ಹೋಯಿತು, ಮಾಡಿದೆ. ‘ನಾನು ಬರುವ ತನಕ ಎತ್ತಬೇಡಿ’ ಅಂದೆ ನೀನು, ನಿನಗಾಗಿ ಹೆಣವನ್ನು ಇನ್ನೊಂದು ರಾತ್ರಿ ಇಟ್ಟುಕೊಂಡೆವು. ಹೆಣವಿರುವ ಮನೆಯಲ್ಲಿ ಮಗಳು ಕಣ್ಣು ಮುಚ್ಚಬಾರದೆಂದು ಅಪ್ಪನ ತಂಗಿ ನರಸಮ್ಮತ್ತೆ ನನ್ನನ್ನು ತಟ್ಟಿ ತಟ್ಟಿ ಎಬ್ಬಿಸುತ್ತಿದ್ದರು. ಬೆಳಿಗ್ಗೆ ನೀನು ಸ್ಲೀಪರ್ ಬಸ್ಸಿನಲ್ಲಿ ಕಾಲು ಚಾಚಿ ಮಲಗಿಕೊಂಡು ಬಂದು ಇಳಿದೆ. ಊರು ಸೂರೆಯಾದ ಮೇಲೆ ಕೋಟೆ ಬಾಗಿಲು ಹಾಕಲು ಬಂದ ಹಾಗೆ.

ಬಾಯಿಗೆ ಅಕ್ಕಿ ಹಾಕುವ ಹೊತ್ತಿಗೆ ನರಸಮ್ಮತ್ತೆ ಎದೆ ಬಡಿದುಕೊಂಡು, “ಎದ್ದೇಳಣ್ಣೋ, ಎಷ್ಟೊತ್ತಂತ ಮನಗಿರ್ತೀಯೋ” ಎಂದು ಅತ್ತರು. ಒಂದು ಗಳಿಗೆ ಮಲಗಪ್ಪಾ ಎಂದು ಹತ್ತೊಂಬತ್ತು ದಿನ ನಾನು ಬೇಡಿಕೊಂಡ ಮನುಷ್ಯ ಅವತ್ತು ಕಾಲು ನೀಡಿ ಮಲಗಿದ್ದ. ಈಗ ಎಬ್ಬಿಸುತ್ತಿದ್ದಾರಲ್ಲ ಅನ್ನಿಸಿತು. ನಗು ಬಂದುಬಿಟ್ಟಿತು. ಬಾಯಿಗೆ ಸೆರಗು ತುರುಕಿಕೊಂಡರೂ ನಿಲ್ಲಲಿಲ್ಲ. ಒಳಗೆ ಒಂಥರಾ ಖುಷಿಯೂ ಇತ್ತು, ಸುಳ್ಳು ಹೇಳುವುದಿಲ್ಲ, ಯಾರದೋ ಖುಷಿ ನನ್ನ ಮೈಮೇಲೆ ಬಂದಂತೆ. ನೀನು ಏನಂದೆ ನೆನಪಿದೆಯೇ? “ಇವ್ಳಿಗೆ ತಲೆ ಕೆಟ್ಟೋಗೈತೆ, ಆಚೆ ಕರ್ಕೊಂಡೋಗ್ರಪ್ಪ.” ಕರೆದುಕೊಂಡು ಹೋದರು. ಅಪ್ಪನ ಬಾಯಿಗೆ ನನ್ನ ಕೈಯ ಅಕ್ಕಿ ಬೀಳಲಿಲ್ಲ. ಇದನ್ನು ನಾನು ಸಾಯುವ ತನಕ ಮರೆಯುವುದಿಲ್ಲ, ನಿನ್ನನ್ನು ಕ್ಷಮಿಸುವುದೂ ಇಲ್ಲ.

ತಲೆ ತೋರಿಸು ಅಂತ ಮಾವನ ಕೈಯಲ್ಲಿ ಹೇಳಿಸಿದೆಯಲ್ಲ, ತೋರಿಸಿಕೊಂಡು ಬಂದೆ. ರಾಬರ್ಟ್‌ಸನ್‌ಪೇಟೆಯ ಡಾಕ್ಟರ್ ಸುಮಿತಾ ಒಂದು ಗಂಟೆ ಕೂರಿಸಿಕೊಂಡು ಕೇಳಿದರು. ಕಾಯಿಲೆ ಏನೂ ಇಲ್ಲವಂತೆ. ಎಚ್ಚರವಿದ್ದಷ್ಟೂ ಹೊತ್ತು ಮೆದುಳಿನಲ್ಲಿ ಅಡೆನೋಸಿನ್ ಅನ್ನುವ ಒಂದು ರಸ ಸೇರುತ್ತಾ ಹೋಗುತ್ತದೆ, ಮಲಗು ಮಲಗು ಅನ್ನುವುದು ಅದೇ. ಮಲಗದೆ ಹಟ ಹಿಡಿದರೆ ನಮ್ಮನ್ನು ಎಬ್ಬಿಸಿ ಇಡಲು ಡೋಪಮಿನ್ ಅನ್ನುವುದು ಏರಬಹುದಂತೆ, ಅದು ಇಲ್ಲದ ಉಲ್ಲಾಸ ಕೊಡುತ್ತದೆ. ಸಿಟ್ಟು, ಭಯ ಹುಟ್ಟುವ ಜಾಗಕ್ಕೆ ಮೆದುಳಿನ ಮುಂಭಾಗ ಹಾಕಿರುವ ಮೂಗುದಾರವೂ ಸಡಿಲವಾಗುತ್ತದೆ. ಆಗ ನಗಬಾರದ ಕಡೆ ನಗು, ಅಳಬಾರದ್ದಕ್ಕೆ ಅಳು. “ಆರೋಗ್ಯವಾಗಿರೋರನ್ನ ಯಾರನ್ನಾದ್ರೂ ಇಷ್ಟು ದಿನ ಎಬ್ಬಿಸಿ ಕೂರಿಸಮ್ಮ, ಹಿಂಗೇ ಏನಾದ್ರೂ ಆಗುತ್ತೆ” ಅಂದರು. ಚೀಟಿಯ ಹಿಂದೆ ಬರೆಸಿಕೊಂಡು ಬಂದಿದ್ದೇನೆ, ಜೊತೆಗಿಟ್ಟಿದ್ದೇನೆ. ಔಷಧಿ ಏನೂ ಬರೆಯಲಿಲ್ಲ. ಮಲಗಬೇಕು, ಅಷ್ಟೇ ಅಂದರು.

ಅದೊಂದೇ ಇಲ್ಲಿ ಸಿಗುವುದಿಲ್ಲ. ಅಮ್ಮ ಈಗಲೂ ರಾತ್ರಿಗೆ ಮೂರು ಸಲ ಎದ್ದು ಚಿಲಕ ತೆಗೆಯುತ್ತಾಳೆ, ನಾನೂ ಏಳುತ್ತೇನೆ. ಮೊನ್ನೆ ಪಕ್ಕದ ಮನೆಯ ಶಶಿರೇಖ ಹೊಲಿಯಲು ಕೊಟ್ಟಿದ್ದ ಮದುವೆ ರವಿಕೆಗೆ ಎರಡೂ ಎಡಗೈ ತೋಳುಗಳನ್ನೇ ಹೊಲಿದಿಟ್ಟೆ. ಅದನ್ನು ಬಿಚ್ಚುತ್ತಾ ಮಧ್ಯಾಹ್ನವೆಲ್ಲ ಅತ್ತೆ. ಅಪ್ಪನಿಗೆ ಅಳದವಳು ರವಿಕೆಗೆ ಅತ್ತಳು ಅಂತ ಇದನ್ನೂ ಬೂದಿಕೋಟೆಗೆ ತಿಳಿಸು.

ಹರಿಪ್ರಿಯಾಳಿಗೆ ನನ್ನ ಆಶೀರ್ವಾದ. ದೊಡ್ಡವಳಾಗಿ ಹುಟ್ಟಿದ ತಪ್ಪಿಗೆ ನಿನಗೂ ಅಷ್ಟು ಹೇಳಬೇಕು, ಚೆನ್ನಾಗಿರು.

ನಿನ್ನ ಅಕ್ಕ,
ರಾಧಾಮಣಿ

ಮರೆತಿದ್ದೆ. ಮರೆತಿರಲಿಲ್ಲ, ಬರೆಯಲು ಹೆದರಿದ್ದೆ. ಹೋದ ಶುಕ್ರವಾರ ಮೂರನೇ ಸಲ ಅಮ್ಮ ಚಿಲಕ ತೆಗೆದಾಗ ನಾನು ಅವಳ ಮೇಲೆ ಕೈ ಎತ್ತಿದೆ. ಹೊಡೆಯಲಿಲ್ಲ. ಅವಳು ಮುಖ ಮುಚ್ಚಿಕೊಂಡಳು. ನೀನು ಹೇಳಿಕಳಿಸಿದ ಭಾನುವಾರದ ತನಕ ಕಾಯಬೇಡ, ಈ ಕಾಗದ ತಲುಪಿದ ದಿನವೇ ಹೊರಡು. ಸಾಗಿಸಲು ಅಲ್ಲ, ಮೂರು ರಾತ್ರಿ ಬಾಗಿಲ ಹತ್ತಿರ ಅಮ್ಮನ ಜೊತೆ ಕೂರಲು. ನಾನು ಪಕ್ಕದ ಮನೆಯಲ್ಲಿ ಮಲಗುತ್ತೇನೆ. ನಾಲ್ಕನೇ ದಿನ ಬೆಳಿಗ್ಗೆ ಯಾರಿಗೆ ತಲೆ ಕೆಟ್ಟಿದೆ ಅನ್ನುವುದನ್ನು ಮಾತಾಡೋಣ. ಆಗ ನಿನಗೆ ನಗು ಬಂದರೆ ನಾನು ಯಾರಿಗೂ ಹೇಳುವುದಿಲ್ಲ.